ಪಕ್ಕೀರಮ್ಮನ ಕಾವು ಕೋಳಿ

ಕಂತು ಒಂಬತ್ತು

ಬೀಗದ ಮೇಲಿನ ಅರಗು ಒಡೆದಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಅಜ್ಜಯ್ಯ ಬಗ್ಗಿ ನೋಡಿದರು. ಠಾಣೆಯ ಮುದ್ರೆ ಒತ್ತಿದ ಹಾಗೇ ಇತ್ತು. ಅದರ ಕೆಳಗೆ ತಾವೇ ಬಿಗಿದ ಸೆಣಬಿನ ಗಂಟು. ಗಂಟಿನ ಮೇಲೆ ಇಪ್ಪತ್ಮೂರು ದಿನದ ಧೂಳು.

ಒಳಗೆ ಮಾತ್ರ ಮರಿಗಳು ಕೂಗುತ್ತಿದ್ದವು.

“ಕೇಳಿದ್ರೇನ್ರಿ ಸ್ವಾಮೇರ?” ಪಕ್ಕದಲ್ಲಿ ನಿಂತ ಜಂಬಕ್ಕ ಪಿಸುಗುಟ್ಟಿದಳು. “ನಿನ್ನಿ ಹೊತ್ತು ಮೂಡಿದಾಗಿನಿಂದ ಹಿಂಗ ಚೀಂವ್‌ಗುಡ್ತಾವ. ಊರ ಮಂದಿ ಈ ಓಣಿ ಬಿಟ್ಟು ಸುತ್ತು ಹಾಕ್ಕೊಂಡು ನೀರಿಗಿ ಹೋಗಾಕತ್ತಾರ.”

“ಯಾಕ?”

“ಯಾಕಂದ್ರ? ಸತ್ತಾಕಿ ಮನ್ಯಾಗ ಕೋಳಿ ಮರಿ ಮಾಡೇತಿ. ಮಂದಿಗಿ ಅಂಜಿಕಿ ಆಗಲ್ಲೇನ್ರಿ?”

ಈ ಮನೆಯ ಪಕ್ಕೀರಮ್ಮ ದೀಪಾವಳಿ ಮುಗಿದ ಬುಧವಾರ ಕಾಣೆಯಾಗಿ, ಶುಕ್ರವಾರ ಕಲ್ಲು ಕ್ವಾರಿಯ ನೀರಿನಲ್ಲಿ ಮುಖದ ಗುರುತು ಸಿಗದ ಹೆಣವಾಗಿ ಸಿಕ್ಕಿ, ಶನಿವಾರ ಮಣ್ಣಾಗಿದ್ದಳು; ಅವಳನ್ನು ಕೊಂದವನೆಂದು ಅವಳ ತಮ್ಮ, ಈ ಜಂಬಕ್ಕನ ಗಂಡ ಹುಲುಗಣ್ಣ, ಆ ಶನಿವಾರದಿಂದಲೇ ಕಂಬಿಯ ಹಿಂದಿದ್ದ.

ನಾಳೆ ಹನ್ನೊಂದಕ್ಕೆ ಅವನ ಜಾಮೀನು ಅರ್ಜಿ ಕೋರ್ಟಿಗೆ ಬರುವುದಿತ್ತು. ಹೊಸದೇನೂ ಸಿಗದಿದ್ದರೆ ಅರ್ಜಿ ಬಿದ್ದುಹೋಗುವುದು ಖಂಡಿತ. ಆಮೇಲೆ ಅವನನ್ನು ಬಳ್ಳಾರಿ ಜೈಲಿಗೆ ಒಯ್ಯುತ್ತಾರೆ. ಅಲ್ಲಿಂದ ಯಾವಾಗ ಬರುವನೋ, ಬರುವನೋ ಇಲ್ಲವೋ.

“ಬಾಗಿಲು ತೆಗೆಸಿ, ಮರಿಗಳನ್ನು ಹೊರಗೆ ಹಾಕಿಸಿ, ಮತ್ತೆ ಮುದ್ರೆ ಹಾಕಿ ಬನ್ನಿ,” ಎಂದಷ್ಟೇ ಠಾಣೆಯ ಸಾಹೇಬರು ಹೇಳಿ ಕಳಿಸಿದ್ದರು. ದಕ್ಷಿಣದ ಸೀಮೆಯಿಂದ ಬಂದ ಹುಡುಗ ಸಾಹೇಬರು. “ಕೋಳಿ ಕೂಗ್ತು ಅಂತ ಕೇಸು ತಿರುಗಿಸೋಕಾಗುತ್ತೇನ್ರೀ ಅಜ್ಜಯ್ಯ?” ಎಂದು ನಕ್ಕಿದ್ದರು.

ಅಜ್ಜಯ್ಯನವರಿಗೆ ನಗು ಬಂದಿರಲಿಲ್ಲ. ಅಂದು ಕಾರ್ತಿಕದ ಕಡೆಯ ಸೋಮವಾರ. ದೀಪ ಹಚ್ಚುವ ತನಕ ಅವರು ಒಪ್ಪತ್ತು. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗಲೂ ಕಣ್ಣ ಮುಂದೆ ಬಂದದ್ದು ಹುಲುಗಣ್ಣನ ಮುಖ. ಪಂಚನಾಮೆ ಬರೆದ ಕೈ ತಮ್ಮದು. ನಿವೃತ್ತಿಗೆ ಇನ್ನು ಎರಡು ತಿಂಗಳು.

ಮುದ್ರೆ ಒಡೆಯಲು ಸಾಕ್ಷಿ ಬೇಕಿತ್ತು. ಊರಿನವರು ಯಾರೂ ಆ ಹೊಸ್ತಿಲಿಗೆ ಬರಲೊಪ್ಪಲಿಲ್ಲ. ಕೊನೆಗೆ ಪಕ್ಕದ ಮನೆಯ ಗೀತಮ್ಮ ಬಂದಳು. ಕ್ವಾರಿಯ ದಂಡೆಯಲ್ಲಿ ಸೀರೆ ನೋಡಿ, “ಇಕಿ ನಮ್ಮ ಪಕ್ಕೀರಕ್ಕನ,” ಎಂದು ಹೆಣದ ಗುರುತು ಹಿಡಿದವಳು ಅವಳೇ. ನೀರಿನಿಂದ ತೆಗೆದ ಮುರುಕು ಕುಡುಗೋಲನ್ನು ಹುಲುಗಣ್ಣನದೆಂದವಳೂ ಅವಳೇ.

“ಜಲ್ದಿ ಮುಗಸ್ರಿ ಸ್ವಾಮೇರ,” ಎಂದಳು ಗೀತಮ್ಮ. ಸೆರಗು ಬಾಯಿಗೆ ಹಿಡಿದಿದ್ದಳು. “ನಂಗ ಈ ಮನಿ ನೋಡಿದ್ರ ಕೈಕಾಲು ತಣ್ಣಗಾಕ್ಕಾವ.”

“ಪಕ್ಕದ ಗ್ವಾಡಿ ನಿಂದ ಅಲ್ಲೇನಬೇ? ದಿನಾ ಇಲ್ಲೇ ಮಲಗತಿ.”

“ಮಲಗತೀನ್ರಿ, ನಿದ್ದಿ ಬರೂದಿಲ್ಲ. ಹೊತ್ತು ಮುಳುಗಿತಂದ್ರ ಹಿಂದ ಕಲ್ಲು ಎಳದ ಸಪ್ಪಳ ಆಕ್ಕೈತಿ. ಗರ್ರ್ ಅಂತೈತಿ. ಮುಂಜಾನಿ ಮತ್ತ ಗರ್ರ್. ಸತ್ತಾಕೀನ ಬಂದು ಹೋಕ್ಕಾಳ.”

ಜಂಬಕ್ಕ ಅವಳತ್ತ ನೋಡಿದಳು.

ಅಜ್ಜಯ್ಯ ಅರಗು ಒಡೆದರು.

*

ಒಳಗೆ ಮುಚ್ಚಿದ ಮನೆಯ ಕಮಟು. ಅದರ ಜೊತೆಗೆ ಬೇವಿನ ಒಣ ಎಲೆಯ ಕಹಿ ವಾಸನೆ. ಅಟ್ಟದ ಮೇಲೆ ಜೋಳದ ಚೀಲ, ಗೂಟಕ್ಕೆ ಆಡಿನ ಹಗ್ಗ, ಒಲೆಯಲ್ಲಿ ತಣ್ಣನೆ ಬೂದಿ. ಎಲ್ಲ ಅಂದು ಬರೆದುಕೊಂಡಂತೆಯೇ ಇದ್ದವು.

ಹಿಂದಿನ ಗೋಡೆಯ ಮೂಲೆಯಲ್ಲಿ ಒಂದು ಬುಟ್ಟಿ. ಬುಟ್ಟಿಯಲ್ಲಿ ಚುಕ್ಕಿ ಚುಕ್ಕಿ ಮೈಯ ಒಂದು ಹೇಂಟೆ. ಅದರ ರೆಕ್ಕೆಯ ಸಂದಿಯಿಂದ ಒಂದು ಹಳದಿ ತಲೆ ಹೊರಗೆ ಇಣುಕಿ, ಬಾಗಿಲಿನ ಬೆಳಕು ಕಂಡು ಮತ್ತೆ ಒಳಗೆ ಸೇರಿಕೊಂಡಿತು.

“ಯವ್ವಾ ನನ್ನ ಚುಕ್ಕಿ,” ಎಂದಳು ಜಂಬಕ್ಕ. ಬುಟ್ಟಿಯ ಹತ್ತಿರ ಬಗ್ಗಿದಳು. “ಎಷ್ಟು ಸೊರಗೀದಿ ನೋಡು.”

ಹೌದು, ಕೋಳಿ ಸೊರಗಿತ್ತು. ಅದರ ಜುಟ್ಟು ಬಿಳಿಚಿತ್ತು, ಎದೆಯ ಪುಕ್ಕ ಉದುರಿ ತೊಗಲು ಕಾಣುತ್ತಿತ್ತು. ಆದರೂ ಅದು ಬಂದವರನ್ನು ನೋಡಿ ಗಾಬರಿಯಾಗಲಿಲ್ಲ. ಎಷ್ಟೋ ದಿನ ಒಂದೇ ಆಸನದಲ್ಲಿ ಕೂತು ಎದ್ದವರ ಕಣ್ಣಲ್ಲಿ ಒಂದು ಬಗೆಯ ನಿಶ್ಚಲತೆ ಇರುತ್ತದಲ್ಲ, ಅದೇ ಅದರ ಕಣ್ಣಲ್ಲಿತ್ತು. ಉಜ್ಜಿನಿಯ ಮಠದಲ್ಲಿ ಅನುಷ್ಠಾನ ಮುಗಿಸಿ ಹೊರಬಂದ ಮುದುಕ ಸ್ವಾಮಿಗಳಲ್ಲಿ ಅಂಥ ಕಣ್ಣನ್ನು ಅಜ್ಜಯ್ಯ ಹುಡುಗನಾಗಿದ್ದಾಗ ನೋಡಿದ್ದರು.

ಅವರು ನಡುಮನೆಯ ಹೊಸ್ತಿಲಲ್ಲೇ ನಿಂತರು. ಅಂದು, ಆ ಶನಿವಾರವೂ ಇಲ್ಲಿಯೇ ನಿಂತಿದ್ದರು. ಹುಟ್ಟಿನಿಂದ ಕೋಳಿ ಸಾಕದ, ಮೊಟ್ಟೆ ಮುಟ್ಟದ ಮನೆತನ. ಮೂಗಿಗೆ ವಸ್ತ್ರ ಹಿಡಿದು, ಆ ಮೂಲೆಯತ್ತ ಕೈ ತೋರಿಸಿ ಕೇಳಿದ್ದರು, “ಆ ಬುಟ್ಯಾಗೇನೈತಿ?” ಸಾಕ್ಷಿಗೆ ನಿಂತಿದ್ದ ಗೀತಮ್ಮ ಬಗ್ಗಿ ನೋಡಿ ಹೇಳಿದ್ದಳು, “ಏನಿಲ್ರಿ, ಖಾಲಿ. ಬರೇ ಹೊಟ್ಟು.” ಅವರು ಬರೆದುಕೊಂಡಿದ್ದರು: ಬಿದಿರಿನ ಬುಟ್ಟಿ ಒಂದು, ಹೊಟ್ಟು ಸಹಿತ, ಖಾಲಿ.

ಖಾಲಿ ಬುಟ್ಟಿಯಲ್ಲಿ ಈಗ ಮರಿಗಳು.

“ಜಂಬಕ್ಕ,” ಅವರು ಮೆಲ್ಲಗೆ ಕೇಳಿದರು, “ಕೋಳಿ ತತ್ತಿ ಮ್ಯಾಲ ಕುಂತ್ರ ಎಷ್ಟು ದಿನಕ್ಕ ಮರಿ ಆಕ್ಕಾವಬೇ? ಎಂಟು ದಿನ? ಹತ್ತು ದಿನ?”

ಜಂಬಕ್ಕ ಅವರನ್ನು ದಿಟ್ಟಿಸಿದಳು. ಆಮೇಲೆ ಇಪ್ಪತ್ಮೂರು ದಿನಗಳಲ್ಲಿ ಮೊದಲ ಬಾರಿಗೆ ನಕ್ಕುಬಿಟ್ಟಳು.

“ಎಪ್ಪಾ! ಕಳ್ಳರನ್ನ ಹಿಡದ ತಲಿ ಹಣ್ಣಾಗೇತಿ, ಕೋಳಿ ಮರಿ ಹ್ಯಾಂಗಾಕ್ಕಾವ ಗೊತ್ತಿಲ್ಲೇನ್ರಿ ನಿಮಗ?”

“ನಮ್ಮ ಮನ್ಯಾಗ ಯಾರು ಸಾಕ್ಯಾರಬೇ? ಹೇಳು.”

“ಇಪ್ಪತ್ತೊಂದು ದಿನ ಸ್ವಾಮೇರ. ಬಾತುಕೋಳಿ ತತ್ತಿ ಇಟ್ರ ಇಪ್ಪತ್ತೆಂಟು. ಇವು ಬಾತಿನ ಮರಿ ಅಲ್ಲ, ಕೊಕ್ಕು ನೋಡ್ರಿ.”

“ಒಂದೆರಡು ದಿನ ಹೆಚ್ಚು ಕಮ್ಮಿ?”

“ತಡಾ ಅಂದ್ರ ಒಂದು ದಿನ. ಅದರ ಮ್ಯಾಲ ಹೋತಂದ್ರ ತತ್ತಿ ಕೆಟ್ಟಾಂಗ.”

ಮರಿಗಳು ಕೂಗಿದ್ದು ನಿನ್ನೆ, ಭಾನುವಾರ. ಅಜ್ಜಯ್ಯ ಜಪದ ಎಣಿಕೆಯ ಹಾಗೆ ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಹಿಂದಕ್ಕೆ ನಡೆಸಿದರು. ಒಂದು ವಾರ. ಎರಡು ವಾರ. ಮೂರು ವಾರ. ಹೆಬ್ಬೆರಳು ನಿಂತದ್ದು ಭಾನುವಾರದ ಮೇಲೆ.

ಸ್ವಾತಿ ಮಳೆ ಹುಟ್ಟಿ, ಗುಡುಗು ಸಿಡಿಲು ಊರನ್ನೇ ನಡುಗಿಸಿದ ಭಾನುವಾರ.

ಶನಿವಾರ ಪಕ್ಕೀರಮ್ಮ ಮಣ್ಣಾದಳು. ಶನಿವಾರ ಹುಲುಗಣ್ಣ ಲಾಕಪ್ಪಿಗೆ ಬಿದ್ದ. ಶನಿವಾರ ಈ ಬಾಗಿಲಿಗೆ ಮುದ್ರೆ ಬಿತ್ತು. ಮಾರನೆಯ ದಿನ, ಮುದ್ರೆ ಹಾಕಿದ ಮನೆಯೊಳಗೆ, ಯಾರೋ ಕೋಳಿಯನ್ನು ಕಾವಿಗೆ ಕೂರಿಸಿದ್ದರು.

ಅಜ್ಜಯ್ಯನವರ ಬಾಯಿಂದ ತಾನಾಗಿ ಬಂತು. “ಶಿವ ಶಿವಾ.”

*

“ಹಿಂದಿನ ಬಾಗ್ಲ?”

“ಒಳಗಿಂದ ಅಗಳಿ ಹಾಕೇತ್ರಿ. ನೀವ ಹಾಕಿದ್ದು,” ಎಂದಳು ಜಂಬಕ್ಕ. “ಅಲ್ಲಿ ನೋಡ್ರಿ, ಬುಟ್ಟಿ ಹಿಂದ. ಕೋಳಿ ಕಂಡಿ.”

ಗೋಡೆಯ ಬುಡದಲ್ಲಿ ಒಂದು ಗೇಣಗಲದ ಕಂಡಿ ಇತ್ತು. ಕೋಳಿಗಳು ಹಿತ್ತಲಿಗೆ ಹೋಗಿಬರುವ ದಾರಿ. ಹೊರಗಡೆಯಿಂದ ಮುಚ್ಚಲು ಒಂದು ಚಪ್ಪಡಿ ಕಲ್ಲು. ಈಗ ಅದು ಸರಿಸಿತ್ತು. ಕಂಡಿಯಿಂದ ಬಿಸಿಲಿನ ಒಂದು ತುಂಡು ಒಳಗೆ ಬಿದ್ದಿತ್ತು.

“ಹೊತ್ತು ಮುಳುಗಿದ ಮ್ಯಾಲ ಕಲ್ಲು ಮುಚ್ಚಬೇಕ್ರಿ. ಇಲ್ಲಾಂದ್ರ ಮುಂಗಸಿ ಹೊಕ್ಕೈತಿ, ಕಾಡುಬೆಕ್ಕು ಹೊಕ್ಕೈತಿ. ಮುಂಜಾನಿ ತಗೀಬೇಕು. ಕಾವು ಕುಂತ ಹ್ಯಾಟಿ ದಿನಕ್ಕ ಒಮ್ಮಿ ಎದ್ದು ಹೊರಗ ಹೋಗತೈತಿ. ನುಚ್ಚು ತಿಂದು, ನೀರು ಕುಡದು, ಬೂದ್ಯಾಗ ಹೊರಳಿ ಬಂದು ಮತ್ತ ಕುಂದರತೈತಿ.” ಜಂಬಕ್ಕ ಗೀತಮ್ಮನ ಕಡೆ ತಿರುಗಿದಳು. “ನೀ ಕೇಳಿದ ಸಪ್ಪಳ ದೆವ್ವದ್ದಲ್ಲ ಗೀತಕ್ಕ. ಕೋಳಿ ಕಾಯಾವ್ರದ್ದು.”

ಕಂಡಿಯ ಬಾಯಲ್ಲಿ ತೆಂಗಿನ ಚಿಪ್ಪು, ಚಿಪ್ಪಿನಲ್ಲಿ ನೀರು. ನೀರಿನಲ್ಲಿ ಕಸವಿರಲಿಲ್ಲ. ಇವತ್ತಿನ ನೀರು.

ಅಜ್ಜಯ್ಯ ನೆನೆದುಕೊಂಡರು. ಈ ಮನೆಯ ಹಿಂದೆ ಜಾಲಿ ಮುಳ್ಳಿನ ಹೊದರು, ಅದರಾಚೆ ಪಾಳುಬಿದ್ದ ಕುರಿಹಟ್ಟಿ. ದೆವ್ವದ ಸುದ್ದಿ ಹಬ್ಬಿದ ಮೇಲೆ ಆ ಕಡೆಗೆ ಸೌದೆಗೂ ಯಾರೂ ಹೋಗಿರಲಿಲ್ಲ. ಇಡೀ ಊರು ಕಣ್ಣು ಮುಚ್ಚಿಕೊಂಡಿದ್ದ ಜಾಗದಲ್ಲಿ ಒಂದು ಜೀವ ದಿನಕ್ಕೆರಡು ಸಲ ಬಂದು, ಇನ್ನೊಂದು ಜೀವಕ್ಕೆ ನೀರಿಟ್ಟು ಹೋಗಿತ್ತು.

ಜಂಬಕ್ಕ ನೆಲದ ಮೇಲೆ ಬಿದ್ದಿದ್ದ ಮೊಟ್ಟೆಯ ಸಿಪ್ಪೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಇದನ್ನ ನೋಡ್ರಿ ಸ್ವಾಮೇರ.”

ಸಿಪ್ಪೆಯ ಮೇಲೆ ಇದ್ದಿಲಿನ ಗೆರೆಗಳು. ಅಡ್ಡಕ್ಕೆ, ಒಂದರ ಕೆಳಗೊಂದು, ಮೂರು.

“ಕಾವಿಗಿಟ್ಟ ತತ್ತಿ ಯಾವುವು, ಆಮ್ಯಾಲೆ ಬ್ಯಾರೆ ಕೋಳಿ ಬಂದು ಇಟ್ಟಾವು ಯಾವುವು ಅಂತ ಗೊತ್ತಾಗಲಿ ಅಂತ ಎಲ್ಲಾರೂ ಗುರುತು ಮಾಡ್ತೀವಿ. ನಾ ಒಂದು ಬೊಟ್ಟು ಇಡ್ತೀನಿ. ಮೂರು ಗೆರಿ ಎಳಿಯಾಕಿ ಈ ಊರಾಗ ಒಬ್ಬಾಕೀನ.” ಅವಳು ಆ ಗೆರೆಗಳ ಮೇಲೆ ಬೆರಳಾಡಿಸಿದಳು. “‘ವಿಭೂತಿ ಹಚ್ಚಿ ಕುಂದರ್ಸೀನಿ, ಶಿವ ಕಾಯ್ತಾನ,’ ಅಂತಿದ್ಲು ನಮ್ಮತ್ತಿಗಿ.”

ಅಜ್ಜಯ್ಯನವರ ಕೈ ತಮಗರಿವಿಲ್ಲದೆ ಹಣೆಗೆ ಹೋಯಿತು. ಬೆಳಿಗ್ಗೆ ಧರಿಸಿದ ಮೂರು ಗೆರೆ ಅಲ್ಲಿದ್ದವು.

“ನಾನ ಇಟ್ಟೀನ್ರಿ.”

ಇಬ್ಬರೂ ತಿರುಗಿದರು. ಗೀತಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

“ತತ್ತಿ ನಾನ ಇಟ್ಟೀನಿ,” ಎಂದಳು ಮತ್ತೆ. “ಪಾಪ, ಹ್ಯಾಟಿ ಕಾವು ಕಾವು ಅಂತ ಖಾಲಿ ಬುಟ್ಯಾಗ ಕುಂತಿತ್ತು. ನೋಡಾಕಾಗಲಿಲ್ಲ. ಕಂಡ್ಯಾಗ ಕೈ ಹಾಕಿ ಇಟ್ಟೆ. ನೀರೂ ನಾನ ಇಡಾಕತ್ತೀನಿ. ಅದಕ್ಯಾಕ ಇಷ್ಟು ದೊಡ್ಡದು ಮಾಡ್ತೀರಿ?”

“ಕಲ್ಲಿನ ಸಪ್ಪಳ ಕೇಳಿ ಅಂಜೀನಿ ಅಂದಿದ್ದಿ?”

“ಮುದ್ರಿ ಹಾಕಿದ ಮನಿಗಿ ಕೈ ಹಾಕೀನಂತ ಪೊಲೀಸರ ಮುಂದ ಹ್ಯಾಂಗ ಹೇಳ್ಲಿ?”

ಮಾತು ಸುಳ್ಳೆನ್ನುವಂತಿರಲಿಲ್ಲ. ಕಂಡಿಯಿಂದ ಮೊಳಕೈವರೆಗೆ ಕೈ ತೂರಿಸಿದರೆ ಬುಟ್ಟಿ ಸಿಗುತ್ತಿತ್ತು. ನಾಳೆ ಕೋರ್ಟಿನಲ್ಲಿ ಇವಳು ಇದನ್ನೇ ಹೇಳಿದರೆ, ಹುಲುಗಣ್ಣನ ಪಾಲಿಗೆ ಈ ಮರಿಗಳ ಕೂಗು ಬರೀ ಕೂಗು.

ಅಜ್ಜಯ್ಯ ಜೇಬಿನಿಂದ ಕಾಗದ ತೆಗೆದರು. ಆತುರವಿಲ್ಲದೆ ಪೆನ್ನಿನ ಮುಚ್ಚಳ ತಿರುಗಿಸಿದರು.

“ಆತು. ಬರ್ಕೊಂತೀನಿ. ಎಷ್ಟು ತತ್ತಿ ಇಟ್ಟಿಬೇ?”

“ಹ... ಹತ್ತು.”

“ಹತ್ತು.” ಬರೆದುಕೊಂಡರು. “ಜಂಬಕ್ಕ, ಎಣಿಸು.”

ಜಂಬಕ್ಕ ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೆಲುದನಿಯಲ್ಲಿ ಏನೇನೋ ಹೇಳುತ್ತ, ಕೈ ತಾಗಿಸದೆ ಕಡ್ಡಿಯಿಂದ ರೆಕ್ಕೆ ಸರಿಸಿ ನೋಡಿದಳು.

“ಮರಿ ಒಂಬತ್ತು. ಒಡೀಲಾರದ ತತ್ತಿ ಎರಡು. ಹನ್ನೊಂದು.” ಅವಳು ತಲೆ ಎತ್ತಿದಳು. “ನಮ್ಮ ಕಡಿ ಯಾವ ಹೆಂಗಸೂ ಹತ್ತು ಇಡೂದಿಲ್ರಿ. ಒಂಬತ್ತು, ಹನ್ನೊಂದು, ಹದಿಮೂರು. ಜೋಡಿ ಇಟ್ರ ಮರಿ ಉಳಿಯೂದಿಲ್ಲ ಅಂತೀವಿ. ಗೀತಕ್ಕಾ, ನೀನೂ ಕೋಳಿ ಸಾಕಿದಾಕಿ. ನಿಂಗ ಗೊತ್ತಿಲ್ಲೇನು?”

“ಕತ್ತಲಿತ್ತು. ಎಣಿಸಿಲ್ಲ ನಾನು.”

“ಕತ್ಲಾಗ ಮೂರು ಗೆರಿ ಎಳದಿ?”

“ಲೇ ಜಂಬಿ, ಗಂಡ ಜೈಲಿಗಿ ಹೋಗ್ಯಾನಂತ ನನ್ನ ಮ್ಯಾಲ ಹಲ್ಲು ಕಡೀಬ್ಯಾಡ!”

“ಹಲ್ಲು ಕಡಿಯಾಕತ್ತಿಲ್ಲ ಅಕ್ಕಾ. ಒಂದು ಕೆಲಸ ಮಾಡು.” ಜಂಬಕ್ಕ ಎದ್ದು ದಾರಿ ಬಿಟ್ಟಳು. “ನೀ ಇಟ್ಟಿದ್ದಿ ಅಂದ್ರ ಚುಕ್ಕಿಗಿ ನಿನ್ನ ಕೈ ಗೊತ್ತಿರತೈತಿ. ಇಪ್ಪತ್ತೊಂದು ದಿನ ನೀರು ಹಾಕೀದಿ. ಅದರ ಹೊಟ್ಟಿ ಕೆಳಗ ಕೈ ಇಡು. ಸ್ವಾಮೇರು ನೋಡಲಿ.”



ಗೀತಮ್ಮ ಅಜ್ಜಯ್ಯನವರನ್ನು ನೋಡಿದಳು. ಅವರು ಬೇಡವೆನ್ನಲಿಲ್ಲ. ಅವಳು ಬಂದಳು. ಬಗ್ಗಿದಳು. ಬೆರಳು ಬುಟ್ಟಿಯ ಅಂಚು ದಾಟಿದ್ದೇ ತಡ, ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಕೋಳಿ ಮೈಯೆಲ್ಲ ಕೆದರಿಕೊಂಡು ದುಪ್ಪಟ್ಟಾಯಿತು. ಒಂದೇ ಕುಕ್ಕು. ಹೆಬ್ಬೆರಳ ಬುಡದಲ್ಲಿ ಚಿಮ್ಮಿದ ರಕ್ತ ಹೊಟ್ಟಿನ ಮೇಲೆ ಬಿತ್ತು.

ಗೀತಮ್ಮ ಚೀರಿ ಹಿಂದಕ್ಕೆ ಬಿದ್ದಳು.

“ನನ್ನನ್ನೂ ಹಿಂಗ ಕುಕ್ಕತೈತಿ,” ಎಂದಳು ಜಂಬಕ್ಕ. ಅವಳ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಮುಂಗೈ ಚಾಚಿ ಹಳೆಯ ಕಲೆ ತೋರಿಸಿದಳು. “ಅತ್ತಿಗಿ ಕೈ ಒಂದ ಇದಕ್ಕ ಆಗೂದು.”

ನೆಲದ ಮೇಲೆ ಕೂತ ಗೀತಮ್ಮ ಗಾಯವನ್ನು ಬಾಯಿಗಿಟ್ಟುಕೊಂಡು ಅಳತೊಡಗಿದಳು.

“ನಾ ಮುಖ ನೋಡಿಲ್ರಿ,” ಎಂದಳು. “ಕ್ವಾರಿ ದಂಡ್ಯಾಗ. ಮುಖ ಎಲ್ಲಿತ್ರಿ ನೋಡಾಕ? ಮೀನ ತಿಂದಿದ್ದುವು. ಸೀರಿ ನೋಡಿದೆ. ಅಕೀ ಸೀರಿ. ಸಾಹೇಬ್ರು ‘ಅವಳೇನಾ, ಅವಳೇನಾ’ ಅಂತ ಗದರಿಸಿದ್ರು. ಹೌದಂದೆ. ಹೆಬ್ಬಟ್ಟು ಒತ್ತಿದೆ. ಈಗ ಅಕೀ ಜೀವಂತ ಅದಾಳಂದ್ರ ನನ್ನನ್ನ ಒಳಗ ಹಾಕ್ತಾರಲ್ರಿ ಸ್ವಾಮೇರ...”

“ಅದಕ್ಕ ತತ್ತಿ ನಾನ ಇಟ್ಟೀನಿ ಅಂದಿ?”

ಅವಳು ತಲೆಯಾಡಿಸಿದಳು.

ಜಂಬಕ್ಕ ಎರಡೂ ಕೈ ಜೋಡಿಸಿ ಗೋಡೆಗೆ ಒರಗಿದಳು. ಕಣ್ಣಿಂದ ನೀರು ಧಾರೆ ಇಳಿಯುತ್ತಿತ್ತು. “ಅತ್ತಿಗಿ ಸತ್ತಿಲ್ಲ. ಉಚ್ಚಂಗೆಮ್ಮ ತಾಯಿ, ನಿನ್ನ ಗುಡ್ಡಾ ಹತ್ತಿ ಬರ್ತೀನವ್ವಾ. ಸಾಯದಾಕೀನ್ನ ಕೊಂದ ಅಂದ್ರ ಹ್ಯಾಂಗ್ರಿ? ನನ್ನ ಗಂಡನ್ನ ಬಿಡ್ತಾರಲ್ರಿ ಸ್ವಾಮೇರ? ನಾಳಿ ಬಿಡ್ತಾರಲ್ಲಾ?”

*

ಅಜ್ಜಯ್ಯ ಪೆನ್ನಿನ ಮುಚ್ಚಳ ಹಾಕಿದರು.

ಕ್ವಾರಿಯ ನೀರಿನಲ್ಲಿ ಸಿಕ್ಕದ್ದು ಹೆಣವೇ. ಅದರ ಕುತ್ತಿಗೆಯಲ್ಲಿ ಕುಡುಗೋಲಿನ ಗಾಯವಿದ್ದದ್ದೂ ನಿಜವೇ. ಪಕ್ಕೀರಮ್ಮನಲ್ಲದಿದ್ದರೆ ಆ ಮಣ್ಣಿನ ಕೆಳಗೆ ಮಲಗಿದ ತಾಯಿ ಯಾರು? ಯಾರ ಮನೆಯಲ್ಲಿ ಅವಳಿಗಾಗಿ ದೀಪ ಹಚ್ಚಿ ಕಾಯುತ್ತಿದ್ದಾರೋ. ಪಕ್ಕೀರಮ್ಮನ ಸೀರೆ ಅವಳ ಮೈಮೇಲೆ ಹೇಗೆ ಬಂತು? ಬದುಕಿದ್ದವಳು ತಮ್ಮ ಜೈಲಿಗೆ ಹೋದರೂ ಜಾಲಿ ಹೊದರಿನಲ್ಲಿ ಯಾಕೆ ಅಡಗಿದಳು?

“ಜಂಬಕ್ಕ, ಆ ಭಾನುವಾರ ಗುಡುಗಿತ್ತು ಅಲ್ಲೇನು?”

“ಹೌದ್ರಿ. ಸ್ವಾತಿ ಹುಟ್ಟಿದ ದಿನ. ಗುಡುಗಿಗಿ ತತ್ತ್ಯಾಗಿನ ಜೀವ ಕೆಡತೈತ್ರಿ. ಅಂಥಾ ದಿನ ಕುಂದರ್ಸಬೇಕಂದ್ರ ಹೊಟ್ಟಿನ ಬುಡಕ ಒಂದು ಕಬ್ಬಿಣ ಇಡಬೇಕು. ಮೊಳಿನೋ, ಹಳೇ ಲಾಳಾನೋ, ಏನರ ಒಂದು. ಇಡದ ಯಾರೂ ಕುಂದರ್ಸೂದಿಲ್ಲ.”

ಹೇಳುತ್ತಲೇ ಅವಳು ಬುಟ್ಟಿಯತ್ತ ಕೈ ನೀಡಿದಳು.

“ತಡಿ!” ಅಜ್ಜಯ್ಯನವರ ದನಿ ಎಂದಿಲ್ಲದಷ್ಟು ಗಟ್ಟಿಯಾಗಿತ್ತು. “ನೀ ತಗೀಬ್ಯಾಡ. ಆರೋಪಿ ಹೆಂಡ್ತಿ ತಗದ್ಲು ಅಂತಾರ. ಗೀತಮ್ಮನೂ ಬ್ಯಾಡ.”

ಉಳಿದದ್ದು ಒಂದೇ ಕೈ.

ಅವರು ಹೊಸ್ತಿಲ ಮೇಲೆ ಕಾಗದ ಹಾಸಿಟ್ಟರು. ಟೊಪ್ಪಿಗೆ ತೆಗೆದು ಅದರ ಪಕ್ಕದಲ್ಲಿಟ್ಟರು. ಅಂಗಿಯ ತೋಳು ಮಡಚಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆನ್ನ ಮೇಲೆ ಸರಿಸಿಕೊಂಡರು. ಅಂದೊಂದು ದಿನ ಈ ನಾಲ್ಕು ಹೆಜ್ಜೆ ಇಟ್ಟಿದ್ದರೆ? ಮೈಲಿಗೆ ಎಂದು ಹೊಸ್ತಿಲಲ್ಲೇ ನಿಂತು, ಗೀತಮ್ಮನ ಕಣ್ಣಿನಿಂದ ನೋಡಿ ಬರೆದ ಪಂಚನಾಮೆಗೆ ಎಷ್ಟು ಜನ ತೆತ್ತರು?

ಮಂಡಿಯೂರಿದರು. ಕೋಳಿ ಮೈ ಕೆದರಿತು. ಒಂದು ಕುಕ್ಕು, ಎರಡು, ಮೂರು. ಅವರು ಕೈ ಎಳೆದುಕೊಳ್ಳಲಿಲ್ಲ. ಪುಕ್ಕದ ಕೆಳಗಿನ ಬಿಸಿ ಅವರಿಗೆ ಅಚ್ಚರಿ ತಂದಿತು. ಜ್ವರ ಬಂದ ಮಗುವಿನ ಹೊಟ್ಟೆಯ ಬಿಸಿ. ಮರಿಗಳು ಬೆರಳ ಸಂದಿಯಲ್ಲಿ ಮಿಸುಕಿದವು. ಹೊಟ್ಟು, ಅದರ ಕೆಳಗೆ ಬೇವಿನ ಎಲೆ, ಎಲೆಯ ಕೆಳಗೆ ತಣ್ಣನೆಯ ಒಂದು ಚೂಪು.

ಹೊರಗೆ ತೆಗೆದರು.

ಎರಡು ಬೆರಳುದ್ದದ ಕಬ್ಬಿಣ. ಬಾಗಿದ ಮೊನೆ. ಮುರಿದ ಅಂಚು ಅರ್ಧಚಂದ್ರದಂತೆ, ನಡುವೆ ಒಂದು ಸಣ್ಣ ಹಲ್ಲು.

ಆ ಹಲ್ಲಿನ ಜೊತೆಯ ಹಳ್ಳವನ್ನು ಅಜ್ಜಯ್ಯ ತಮ್ಮ ಕೈಯಾರೆ ಅಳೆದಿದ್ದರು. ಕ್ವಾರಿಯಲ್ಲಿ ಸಿಕ್ಕ ಕುಡುಗೋಲಿನ ಮೇಲೆ. ಕೆಂಪು ಬಟ್ಟೆ ಸುತ್ತಿದ ಹಿಡಿ, ಅರ್ಧಕ್ಕೆ ಮುರಿದ ಅಲಗು. ತುದಿಗಾಗಿ ಮೂರು ದಿನ ಪಂಪು ಹಚ್ಚಿ ಕ್ವಾರಿಯ ನೀರು ಬತ್ತಿಸಿದ್ದರು. ಸಿಕ್ಕಿರಲಿಲ್ಲ.

ಜಂಬಕ್ಕ ಕಬ್ಬಿಣವನ್ನು ನೋಡಿದಳು. ಅವಳ ಮುಖದ ಮೇಲಿದ್ದ ಬೆಳಕು ಬತ್ತಿಸಿದ ನೀರಿನ ಹಾಗೆ ಮೆಲ್ಲಮೆಲ್ಲಗೆ ಇಳಿದುಹೋಯಿತು.

“ಇದು... ನಮ್ಮ ಕುಡುಗೋಲಂದು.”

“ಹೌದು.”

“ಆಡಿಗಿ ತೊಪ್ಪಲಾ ಕೊಯ್ಯಾಕಂತ ಅತ್ತಿಗಿ ಒಯ್ದಿದ್ಲು. ಹೇಳಿದ್ದೆ ನಾನು. ಯಾರೂ ನಂಬಲಿಲ್ಲ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇದನ್ನ ಕೋರ್ಟಿನ್ಯಾಗ ಇಟ್ರ ಅವರನ್ನ ಬಿಡ್ತಾರ.”

“ಬಿಡ್ತಾರ. ಅವ ಲಾಕಪ್ಪಿನ್ಯಾಗ ಇದ್ದಾಗ ಇದನ್ನ ಇಲ್ಲಿ ಇಟ್ಟಾರ.”

“ಅತ್ತಿಗಿನ್ನ ಹಿಡೀತಾರ.”

ಅಜ್ಜಯ್ಯ ಕಬ್ಬಿಣವನ್ನು ಬೆಳಕಿಗೆ ತಿರುಗಿಸಿ ನೋಡಿದರು.

“ಅವ್ವ ಸತ್ತಾಗ ನಮ್ಮವರು ಮೂರು ತಿಂಗಳ ಕೂಸು ಅಂತ್ರಿ. ಆಡಿನ ಹಾಲು ಹಿಂಡಿ ಕುಡಿಸಿ ಬದುಕಿಸಿದಾಕಿ ಅತ್ತಿಗಿ. ಗಂಡನ್ನ ಬಿಡಿಸಾಕ ಅಕಿನ್ನ ಹಿಡಕೊಡಲೇನ್ರಿ ನಾನು? ಹೊರಗ ಬಂದು ನನ್ನ ಮುಖ ನೋಡ್ತಾರೇನ್ರಿ ಅವರು?”

ಅಜ್ಜಯ್ಯ ಕಬ್ಬಿಣವನ್ನು ಹೊಸ್ತಿಲ ಮೇಲಿನ ಕಾಗದದ ನಡುವೆ ಇಟ್ಟರು. ಹಾಗೆ ಇಡುವಾಗ ಅವರಿಗೆ ಒಂದು ಕಂಡಿತು. ಗೀತಮ್ಮ ಅಳು ನಿಲ್ಲಿಸಿದ್ದಳು. ಅವಳು ಆ ತುದಿಯನ್ನು ನೋಡುತ್ತಿದ್ದ ಬಗೆಯಲ್ಲಿ ಬೆರಗಿರಲಿಲ್ಲ.

ಅಷ್ಟರಲ್ಲಿ ಹೊರಗೆ ಯಾರೋ ಕರೆದರು.

“ಬ್ಬ ಬ್ಬ ಬ್ಬ ಬ್ಬಾ... ಬಾ ನನ್ನವ್ವ, ಬಾ...”

ಹಿತ್ತಲ ಕಡೆಯಿಂದ. ಗೋಡೆಯ ಬುಡದಿಂದ. ಹೊತ್ತು ಇಳಿಯುವ ಸಮಯ; ಕಂಡಿಯಿಂದ ಬೀಳುತ್ತಿದ್ದ ಬಿಸಿಲು ಕೆಂಪಾಗಿತ್ತು.

ಜಂಬಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ದನಿ ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ಕೋಳಿ ಎದ್ದಿತು. ಮೈ ಕೊಡವಿ, ಗೊಟಗೊಟನೆ ಮರಿಗಳನ್ನು ಕರೆಯುತ್ತ ಕಂಡಿಯ ಕಡೆ ನಡೆಯಿತು. ಅದರ ಹಿಂದೆ ಒಂಬತ್ತು ಮರಿಗಳು ಎಡವುತ್ತ, ಉರುಳುತ್ತ. ಒಂದೊಂದೇ ಆ ಕೆಂಪು ಬೆಳಕಿನೊಳಗೆ ಕರಗಿದವು.

ಅಜ್ಜಯ್ಯ ನೆಲಕ್ಕೆ ಬಿದ್ದು ಕಂಡಿಗೆ ಮುಖ ಹಚ್ಚಿದರು. ಕಂಡದ್ದು ಒಂದು ಕೈ. ಒಣಗಿದ, ಮುಳ್ಳು ಗೀರಿದ ಕೈ. ನೆನೆಸಿದ ಜೋಳದ ನುಚ್ಚನ್ನು ಮರಿಗಳ ಮುಂದೆ ಚೆಲ್ಲುತ್ತಿತ್ತು. ಕೋಳಿ ಅದರ ಬೆರಳುಗಳ ನಡುವೆಯೇ ಕೊಕ್ಕು ತೂರಿಸುತ್ತಿತ್ತು.

“ಪಕ್ಕೀರಮ್ಮ?”

ಕೈ ನಿಂತಿತು.

“ಕಡೀಗೂ ಬುಟ್ಟಿಗಿ ಕೈ ಹಾಕಿದ್ರೇನ್ರಿ ಸ್ವಾಮೇರ?” ದನಿ ದಣಿದಿತ್ತು, ಆದರೆ ಅದರಲ್ಲಿ ಸಣ್ಣದೊಂದು ನಗುವಿತ್ತು. “ಮಂದಿ ಹುಡುಕಲಾರದ ಜಾಗಾ ಬೇಕಿತ್ತು ನಂಗ. ಆದ್ರ ನೀವು ಬರ್ತೀರಂತ ಗೊತ್ತಿತ್ತು. ಇಪ್ಪತ್ತೊಂದು ದಿನ ಕಾದೀನ್ರಿ, ನಾನೂ.”

“ಒಳಗ ಬಾರವ್ವ. ನಿನ್ನ ತಮ್ಮ...”

“ನಾ ಈಗ ಒಳಗ ಬಂದ್ರ ನನ್ನ ಹೆಣಾನೂ ಕ್ವಾರ್ಯಾಗ ಸಿಗತೈತಿ.” ನಗು ಹೋಗಿತ್ತು. “ಆ ಕಬ್ಬಿಣದ ಮ್ಯಾಲ ಕಣ್ಣಿರಲಿ ಸ್ವಾಮೇರ. ಅದನ್ನ ಮುರದಾಕಿ ನಿಮ್ಮ ಹಿಂದ, ಅದ ಮನ್ಯಾಗ ಅದಾಳ.”

ಕೈ ಮಾಯವಾಯಿತು. ಜಾಲಿ ಹೊದರು ಒಮ್ಮೆ ಸರಸರ ಎಂದು ಸುಮ್ಮನಾಯಿತು.

ಅಜ್ಜಯ್ಯ ತಿರುಗಿದರು.

ಹೊಸ್ತಿಲ ಮೇಲೆ ಕಾಗದವಿತ್ತು. ಟೊಪ್ಪಿಗೆ ಇತ್ತು. ಕಾಗದದ ನಡುವೆ, ಕಬ್ಬಿಣವಿಟ್ಟ ಕಡೆ, ಹೊಟ್ಟಿನ ನಾಲ್ಕು ಚೂರುಗಳಷ್ಟೇ ಉಳಿದಿದ್ದವು.

ಹೊಸ್ತಿಲಿನ ಈಚೆಗೊಬ್ಬಳು, ಆಚೆಗೊಬ್ಬಳು. ಜಂಬಕ್ಕನೂ ಗೀತಮ್ಮನೂ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದರು. ಇಬ್ಬರ ಕೈಗಳೂ ಸೆರಗಿನೊಳಗಿದ್ದವು.